ಅಂಗೈಗಿಟ್ಟ ಮಾತು

ಹಿಂದೆ ಹೋಗಿದ್ದಾಳೆ ಎಂದರೆ ಎಲ್ಲಿಗೆ ಹೋಗಿದ್ದಾಳೆ? ಬೆಳಗ್ಗೆ ಹಲ್ಲುಜ್ಜಲು ನಿಂತಾಗಿನಿಂದ ತಾಯಿಯ ತಲೆಯನ್ನು ಇದೊಂದೇ ಕೊರೆಯುತ್ತಿತ್ತು. ನಿನ್ನೆ ಸಂಜೆ ಶಾಲೆಯ ಗೇಟಿನಲ್ಲಿ ಮಗಳ ಕೈಯನ್ನು ಅವಳ ಕೈಗೆ ದಾಟಿಸುತ್ತ ಟೀಚರ್, ನೀರಿನ ಬಾಟಲಿ ಮರೆತಿದ್ದೀರಿ ಎಂದು ನೆನಪಿಸುವಷ್ಟೇ ಸಲೀಸಾಗಿ, ಮಗು ಈಚೆಗೆ ಸ್ವಲ್ಪ ಹಿಂದೆ ಹೋಗಿದೆ ಅಮ್ಮ, ನಾಳೆ ದೊಡ್ಡ ಮೇಡಂ ಹತ್ತಿರ ಮಾತಾಡಿಕೊಂಡು ಹೋಗಬೇಕಂತೆ ಎಂದುಬಿಟ್ಟಿದ್ದಳು. ಯಾಕೆ, ಏನಾಯಿತು ಎಂದು ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು ಮಗುವಿನ ಚಪ್ಪಲಿ ಹುಡುಕಲು ಒಳಗೆ ಹೋಗಿಯೂ ಆಗಿತ್ತು. ಗಡಿಯಾರ ಹಿಂದೆ ಹೋಗುತ್ತದೆ, ಸರಿಮಾಡಿಸಬಹುದು. ಬಸ್ಸು ಹಿಂದೆ ಹೋಗುತ್ತದೆ, ಯಾರಾದರೂ ಬೊಬ್ಬೆ ಹಾಕಿದರೆ ನಿಲ್ಲುತ್ತದೆ. ನಾಲ್ಕೂವರೆ ವರ್ಷದ ಹುಡುಗಿ ಹಿಂದೆ ಹೋಗುವುದೆಂದರೆ ಹೇಗೆ? ತೊಟ್ಟಿಲಿಗೆ ವಾಪಸು ಹೋಗುತ್ತಾಳೋ, ಹೊಟ್ಟೆಯೊಳಕ್ಕೇ ಹೋಗುತ್ತಾಳೋ? ಹಾಲು ಉಕ್ಕಿ ಒಲೆಯೆಲ್ಲ ಹರಿದಾಗ ಅತ್ತೆ, ನಿನ್ನ ಧ್ಯಾನ ಎಲ್ಲಿದೆ ತಾಯಿ ಎಂದರು. ಗಂಡ ಚಪ್ಪಲಿ ಅಂಗಡಿಯ ಕೆಲಸಕ್ಕೆ ಹೊರಟು ನಿಂತವನು, ನೀನೇ ಹೋಗಿ ಬಾ, ನಿನಗಾದರೆ ಮಾತಾಡೋಕೆ ಬರುತ್ತೆ, ನಾನು ಹೋದರೆ ಅವರು ಹೇಳಿದ್ದಕ್ಕೆಲ್ಲ ಹೂಂ ಅಂದು ಬರ್ತೀನಿ ಎಂದ. ಅದು ಹೊಗಳಿಕೆಯೋ ಜಾರಿಕೊಳ್ಳುವ ಉಪಾಯವೋ, ಇಷ್ಟು ವರ್ಷ ಸಂಸಾರ ಮಾಡಿದರೂ ಅವಳಿಗೆ ಬಗೆಹರಿದಿರಲಿಲ್ಲ. ಒಟ್ಟಿನಲ್ಲಿ ಮದುವೆಯಾದಂದಿನಿಂದ ಈ ಮನೆಯ ಎಲ್ಲ ಜಗಳಗಳಿಗೂ ಅವಳೇ ವಕೀಲೆ.

ಮಾತಾಡಲು ಬರುತ್ತದೆ ಎಂಬುದು ಸುಳ್ಳಲ್ಲ. ನೀರು ಸರಬರಾಜಿನ ಕಚೇರಿಯಲ್ಲಿ ದೂರು ಕೇಳುವ ಕಿಟಕಿಯ ಹಿಂದೆ ಕೂರುವುದೇ ಅವಳ ಕೆಲಸ. ನಲ್ಲಿಯಲ್ಲಿ ನೀರು ಬರುತ್ತಿಲ್ಲ, ಬಂದದ್ದು ಕೆಂಪಗಿದೆ, ರಸ್ತೆಯಲ್ಲಿ ಪೈಪು ಒಡೆದು ಹೊಳೆಯಾಗಿದೆ ಎಂದು ಬಂದವರಿಗೆಲ್ಲ ಮುಖವನ್ನು ಮೆತ್ತಗೆ ಮಾಡಿಕೊಂಡು, ಆಯ್ತು, ನೋಡೋಣ ಎಂದು ಹೇಳಿ ಕಳಿಸುವುದು. ನೋಡೋಣ ಎಂದರೆ ನೋಡುವುದಿಲ್ಲ ಎಂದು ಅರ್ಥ. ಅದು ಅವಳಿಗೂ ಗೊತ್ತು, ಬಂದವರಿಗೂ ಗೊತ್ತು, ಆದರೂ ಆ ಶಬ್ದಕ್ಕೆ ಎಂಥ ಶಕ್ತಿಯಿದೆಯೆಂದರೆ ಅದನ್ನು ಕೇಳಿದವರು ಒಂದು ಕ್ಷಣ ನಿಂತು, ಇನ್ನೇನು ಹೇಳಬೇಕೆಂದು ತೋಚದೆ, ಹೋಗಿಬಿಡುತ್ತಾರೆ. ದಿನವಿಡೀ ಕೇಳಿಸಿಕೊಳ್ಳುವವಳ ಹಾಗೆ ಕೂತು ಕೇಳಿಸಿಕೊಳ್ಳದೆ ಇರುವುದಕ್ಕೆ ಸಂಬಳ ತೆಗೆದುಕೊಳ್ಳುವವಳ ಹೊಟ್ಟೆಯಲ್ಲಿ ಮಾತೇ ಆಡದ ಮಗಳು ಹುಟ್ಟಿದಳಲ್ಲ ಎಂದು ಮೊದಮೊದಲು ಎದೆ ಹಿಂಡುತ್ತಿತ್ತು. ಯಾರದೋ ಶಾಪ ತಟ್ಟಿದೆ ಎನ್ನಿಸುತ್ತಿತ್ತು. ಬೇಸಗೆಯಲ್ಲಿ ಖಾಲಿ ಕೊಡ ಹಿಡಿದು ಬಂದು ಬೈದ ಹೆಂಗಸರಲ್ಲಿ ಯಾರದು ಎಂದು ಮುಖಗಳನ್ನು ನೆನಪಿಗೆ ತಂದುಕೊಂಡು ನೋಡುತ್ತಿದ್ದಳು. ಈಗ ಹಾಗೆ ಅನ್ನಿಸುವುದಿಲ್ಲ. ಈಗ ಅಂಥ ಯೋಚನೆ ಬಂದರೆ ತನಗೆ ತಾನೇ, ಹೋಗೇ ಸಾಕು, ಎಂದುಕೊಳ್ಳುತ್ತಾಳೆ.

ಮಗಳು ಕಡ್ಡಿ, ರಸ್ತೆಯ ಪ್ರತಿ ದೀಪದ ಕಂಬವನ್ನೂ ಮುಟ್ಟಿಯೇ ಮುಂದೆ ಹೋಗುವವಳು. ಹುಟ್ಟಿದಾಗ ಕೈಕಾಲು ಕಡ್ಡಿಯ ಹಾಗಿದ್ದವೆಂದು ಅತ್ತೆ ಇಟ್ಟ ಹೆಸರು. ಈಗ ಕೆನ್ನೆ ತುಂಬಿಕೊಂಡಿದ್ದರೂ ಹೆಸರು ಹೋಗಿಲ್ಲ, ಶಾಲೆಯಲ್ಲೂ ಅದೇ ನಿಂತುಬಿಟ್ಟಿದೆ. ಕಂಬ ಮುಟ್ಟದೆ ಎಳೆದುಕೊಂಡು ಹೋದರೆ ಅಲ್ಲೇ ಕೂತು ರಂಪ ಮಾಡುತ್ತಾಳೆ. ಹಾಗಾಗಿ ಬೇಗ ಮನೆ ಬಿಡುವುದು ರೂಢಿಯಾಗಿತ್ತು. ಇವತ್ತು ಮಾತ್ರ ಪ್ರತಿ ಕಂಬದ ಹತ್ತಿರವೂ ತಾಯಿಗೆ ಮೈಯುರಿಯಿತು. ಮಗಳು ಕಬ್ಬಿಣದ ಮೇಲೆ ಅಂಗೈಯೊತ್ತಿ, ಏನನ್ನೋ ಕೇಳಿಸಿಕೊಳ್ಳುವವಳಂತೆ ತಲೆ ವಾಲಿಸಿ, ತೃಪ್ತಿಯಾದ ಮೇಲೆ ಹೊರಡುವುದು. ಅಷ್ಟರಲ್ಲಿ ಹಾದುಹೋಗುವವರು ತಿರುಗಿ ನೋಡುವುದು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಮುದುಕಿ ಮಗುವಿನ ಗಲ್ಲ ಹಿಡಿದು ಹೆಸರೇನು ಕಂದಾ ಎಂದು ಕೇಳಿ, ಉತ್ತರ ಬರದೆ, ಮತ್ತೆ ಕೇಳಿ, ಆಮೇಲೆ ತಾಯಿಯ ಕಡೆ ತಿರುಗಿ ದನಿ ತಗ್ಗಿಸಿ, ಮಾತು ಬರಲ್ವಾ, ಅಯ್ಯೋ ಪಾಪ ಎಂದಳು. ಬೇರೆ ದಿನವಾಗಿದ್ದರೆ ತಾಯಿ ನಗುತ್ತಿದ್ದಳು. ಇವತ್ತು, ಮಾತು ಬರುತ್ತೆ ಅಜ್ಜಿ, ಗುರುತಿಲ್ಲದವರ ಜೊತೆ ಆಡಲ್ಲ ಅಷ್ಟೇ ಎಂದಳು. ಮುದುಕಿ ಕಿಟಕಿಯ ಕಡೆ ಮುಖ ಮಾಡಿದಳು. ಹೇಳಿದ್ದು ಸುಳ್ಳು, ಆದರೆ ನಾಲಗೆಗೆ ಹಿತವಾಗಿತ್ತು.

ಮಾತು ತಡವಾದ ಪುಟ್ಟ ಮಕ್ಕಳಿಗೆಂದೇ ಇರುವ ಈ ಶಾಲೆಯಲ್ಲಿ ಇರುವುದು ಎರಡೇ ಕೋಣೆ. ಸಣ್ಣ ಕೋಣೆಯಲ್ಲಿ ಪ್ರತಿ ಮಗುವಿಗೂ ಒಂದೊಂದು ಮೂಲೆ, ಒಂದೊಂದು ಮೇಜು. ಟೀಚರ್ ಬಂದು ಎದುರಿಗೆ ಕೂತು ಮಣಿ ಪೋಣಿಸುವುದು, ಮುಚ್ಚಳ ತಿರುಗಿಸುವುದು, ಬಣ್ಣಕ್ಕೆ ಬಣ್ಣ ಸೇರಿಸುವುದನ್ನು ಕಲಿಸುತ್ತಾಳೆ. ದೊಡ್ಡ ಕೋಣೆಯಲ್ಲಿ ಉದ್ದ ಮೇಜಿನ ಸುತ್ತ ಮಕ್ಕಳು ಒಟ್ಟಿಗೆ ಕೂರುತ್ತಾರೆ, ಒಂದರ ಕೈ ಇನ್ನೊಂದರ ತಟ್ಟೆಗೆ ಹೋಗುತ್ತದೆ, ಜಗಳವಾಗುತ್ತದೆ. ಅಲ್ಲಿ ಒಂದು ವರ್ಷ ಕೂತ ಮಕ್ಕಳನ್ನು ಎಲ್ಲರೂ ಹೋಗುವ ಶಾಲೆಯ ಒಂದನೇ ತರಗತಿಗೆ ಕಳಿಸುತ್ತಾರೆ. ಆರು ತುಂಬಿದ ಮೇಲೆ ಇಲ್ಲಿ ಯಾರನ್ನೂ ಇಟ್ಟುಕೊಳ್ಳುವುದಿಲ್ಲ. ಅಂದರೆ ನಾಲ್ಕೂವರೆಯ ಕಡ್ಡಿ ಈ ವರ್ಷ ದೊಡ್ಡ ಕೋಣೆಗೆ ಹೋಗಲಿಲ್ಲವೋ, ಆಮೇಲೆ ಅಲ್ಲಿ ಒಂದು ವರ್ಷ ಕೂರುವಷ್ಟರಲ್ಲಿ ಆರು ದಾಟಿರುತ್ತದೆ, ಮುಂದೆಂದೂ ಹೋಗುವುದಿಲ್ಲ. ಸಣ್ಣ ಕೋಣೆಯಿಂದ ನೇರ ಮನೆಗೆ, ಅತ್ತೆಯ ಪಕ್ಕದ ಚಾಪೆಗೆ. ಈ ಲೆಕ್ಕವನ್ನು ಅವಳು ಬಸ್ಸಿನಲ್ಲಿ, ಕಿಟಕಿಯ ಹಿಂದೆ, ಹಾಸಿಗೆಯಲ್ಲಿ ಎಷ್ಟು ಸಲ ಹಾಕಿದ್ದಳೋ. ಯಾವ ಕಡೆಯಿಂದ ಹಾಕಿದರೂ ಉತ್ತರ ಅದೇ ಬರುತ್ತಿತ್ತು.

ಮಗಳನ್ನು ಸಣ್ಣ ಕೋಣೆಗೆ ಬಿಟ್ಟು ದೊಡ್ಡ ಮೇಡಂ ಕರೆಯುವವರೆಗೆ ಕಾಯಲು ಕೂತದ್ದು ಪಡಸಾಲೆಯಲ್ಲಿ, ಮಕ್ಕಳ ಪುಟ್ಟ ಕುರ್ಚಿಯ ಮೇಲೆ. ಈ ಶಾಲೆಯಲ್ಲಿ ದೊಡ್ಡವರಿಗೆಂದು ಕುರ್ಚಿಯಿರುವುದು ದೊಡ್ಡ ಮೇಡಂ ಕೋಣೆಯಲ್ಲಿ ಮಾತ್ರ. ಮಂಡಿ ಗದ್ದಕ್ಕೆ ತಾಗುವಂತೆ ಕೂತವರಿಗೆ ಎದುರು ಮಾತಾಡುವ ಧೈರ್ಯ ಎಲ್ಲಿಂದ ಬರಬೇಕು? ಎದುರಿಗೆ ಗಾಜಿನಾಚೆ ದೊಡ್ಡ ಕೋಣೆ ಕಾಣುತ್ತಿತ್ತು. ಅಲ್ಲಿ ದುಂಡು ಮುಖದ ಒಬ್ಬ ಹುಡುಗ ಹೋದ ವರ್ಷ ಕಡ್ಡಿಯ ಪಕ್ಕದ ಮೂಲೆಯಲ್ಲಿದ್ದವನು. ಅವನ ತಾಯಿ ಆಗೆಲ್ಲ ಇದೇ ಕುರ್ಚಿಗಳ ಮೇಲೆ ಇವಳ ಜೊತೆ ಕೂತು ಒಂದೇ ಡಬ್ಬಿಯಿಂದ ತಿಂದವಳು, ಒಂದೇ ಸಮ ಅತ್ತವಳು. ಮಗ ಗಾಜಿನಾಚೆ ಹೋದಮೇಲೆ ಗೇಟಿನಲ್ಲಿ ಸಿಕ್ಕರೆ ಗಡಿಯಾರ ನೋಡಿಕೊಳ್ಳುತ್ತಾಳೆ. ಅವಳನ್ನು ಬೈದುಕೊಂಡದ್ದಕ್ಕೆ ಲೆಕ್ಕವಿಲ್ಲ. ಆದರೆ ಕಡ್ಡಿಯೇ ಮೊದಲು ಹೋಗಿದ್ದರೆ ನೀನೇನು ಮಾಡುತ್ತಿದ್ದೆ ಎಂದು ಒಳಗಿನಿಂದ ಯಾರೋ ಕೇಳುತ್ತಾರೆ. ಪ್ರಾಯಶಃ ಗಡಿಯಾರವನ್ನೇ ನೋಡಿಕೊಳ್ಳುತ್ತಿದ್ದಳು.

ಈ ಶಾಲೆಗೆ ಬಂದ ಹೊಸದರಲ್ಲಿ ಕಡ್ಡಿಯ ಸೊಂಟಕ್ಕೆ ಒಂದು ಬಟ್ಟೆಯ ಪಟ್ಟಿ ಕಟ್ಟಿದ್ದರು. ಅದಕ್ಕೆ ಅಂಟಿಕೊಂಡಿರುವ, ಎಳೆದರೆ ಚರ್ರೆಂದು ಕಿತ್ತು ಬರುವ ಚಿತ್ರದ ಕಾರ್ಡುಗಳು: ಲೋಟ, ಬಾಳೆಹಣ್ಣು, ಚೆಂಡು, ಹಾಸಿಗೆ, ಬಾತ್‌ರೂಮಿನ ಬಾಗಿಲು. ಬೇಕಾದದ್ದನ್ನು ಮಗು ಕಿತ್ತು ಎದುರಿಗಿದ್ದವರ ಅಂಗೈಗಿಡಬೇಕು. ಇಟ್ಟಿತೋ, ಕೊಡಲೇಬೇಕು. ಅಂಗೈಗೆ ಬಿದ್ದಮೇಲೆ ಎದುರು ಮಾತಿಲ್ಲ ಎಂದು ದೊಡ್ಡ ಮೇಡಂ ಮೊದಲ ದಿನವೇ ತಂದೆತಾಯಿಯರನ್ನೆಲ್ಲ ಕೂರಿಸಿಕೊಂಡು ಹೇಳಿದ್ದರು. ಇರು, ಆಮೇಲೆ, ಈಗ ತಾನೇ ಕೊಟ್ಟೆನಲ್ಲ ಅನ್ನಬಾರದು. ನೀವು ಒಂದು ಸಲ ಕಿವುಡರಾದರೆ ಆ ಮಗು ಇನ್ನೊಂದು ಸಲ ಹೇಳುವುದಿಲ್ಲ. ಮನೆಗೆ ಬೇಕಾದ ಕಾರ್ಡುಗಳನ್ನು ಅವಳೇ ಹಳೆಯ ಕ್ಯಾಲೆಂಡರಿನ ರಟ್ಟಿನಿಂದ ಕತ್ತರಿಸಿ, ಚಿತ್ರ ಅಂಟಿಸಿ ಮಾಡಿದ್ದಳು. ಎಷ್ಟೋ ವಾರ ಏನೂ ಆಗಲಿಲ್ಲ. ಕಡ್ಡಿಗೆ ಬಾಯಾರಿತೆಂದು ಅವಳ ತುಟಿ ನೋಡಿಯೇ ತಾಯಿಗೆ ತಿಳಿಯುತ್ತಿತ್ತು, ಲೋಟ ತಾನಾಗಿ ಬರುತ್ತಿತ್ತು. ಹಾಗಿರುವಾಗ ಕೇಳುವ ಕಷ್ಟ ಯಾರಿಗೆ ಬೇಕು? ಹಾಗಾಗಿ ತಿಳಿಯದವಳಂತೆ ನಟಿಸಿ ಮಗಳ ಒಣ ತುಟಿಯನ್ನು ನೋಡುತ್ತ ಕೂರುವುದನ್ನು ಕಲಿಯಬೇಕಾಯಿತು. ಹೆತ್ತವಳಿಗೆ ಅದಕ್ಕಿಂತ ಕಷ್ಟದ ಪಾಠ ಇನ್ನೊಂದಿಲ್ಲ. ಒಂದು ಮಧ್ಯಾಹ್ನ ಕಡ್ಡಿ ಲೋಟದ ಚಿತ್ರ ಕಿತ್ತು ಅವಳ ಅಂಗೈಗೆ ಒತ್ತಿದಳು. ನೀರು ಕೊಟ್ಟಳು. ಕುಡಿದು ಮತ್ತೆ ಒತ್ತಿದಳು, ಮತ್ತೆ ಕೊಟ್ಟಳು. ಆಮೇಲಿನದನ್ನು ಕುಡಿಯಲಿಲ್ಲ, ನೆಲಕ್ಕೆ ಸುರಿದು ಮತ್ತೆ ಕಾರ್ಡು ಕೊಟ್ಟಳು. ಅತ್ತೆ, ನೀರಿನ ಆಫೀಸಿನವಳ ಮನೇಲೇ ನೀರನ್ನು ಹೀಗೆ ಹಾಳು ಮಾಡೋದಾ ಎಂದು ಬೈಯುತ್ತಿದ್ದರೂ ತಾಯಿ ಮಗಳು ನಿಲ್ಲಿಸಲಿಲ್ಲ. ಕೋಣೆಯೆಲ್ಲ ಒದ್ದೆ, ಅವಳ ಸೀರೆಯೆಲ್ಲ ಒದ್ದೆ. ಕೇಳಿದರೆ ಬರುತ್ತದೆ ಎಂಬ ಹೊಸ ವಿಷಯವನ್ನು ಕಡ್ಡಿ ಒಂದೊಂದೇ ಲೋಟವಾಗಿ ಪರೀಕ್ಷೆ ಮಾಡುತ್ತಿದ್ದಳು. ಇಂಥ ಮಗಳು ಹಿಂದೆ ಹೋಗಿದ್ದಾಳೆಂದರೆ ಎಲ್ಲಿಗೆ?

ದೊಡ್ಡ ಮೇಡಂ ಕೆಟ್ಟವರಲ್ಲ. ಹಾಗೆಂದು ಅವಳು ಒಳಗೆ ಹೋಗುವಾಗ ತನಗೆ ತಾನೇ ಹೇಳಿಕೊಂಡಳು. ಈ ಕೆಲಸದಲ್ಲೇ ತಲೆ ನರೆತವರು, ಎಷ್ಟೋ ಮಕ್ಕಳ ಮೂಗೊರೆಸಿದವರು, ಮಂಡಿನೋವಿದ್ದರೂ ದಿನಾ ಗೇಟಿನ ತನಕ ಬಂದು ಮಕ್ಕಳನ್ನು ಮಾತಾಡಿಸುವವರು. ಟೀಚರ್ ಗೋಡೆಗೊರಗಿ ನಿಂತಿದ್ದಳು, ಕೈಯಲ್ಲಿ ಮಣಿಯ ತಟ್ಟೆ. ಕೂತ್ಕೊಳ್ಳಿ ಅಮ್ಮ ಎಂದರು ದೊಡ್ಡ ಮೇಡಂ. ಇಲ್ಲಿ ಎಲ್ಲ ತಾಯಂದಿರಿಗೂ ಅದೇ ಹೆಸರು. ಮೇಡಂ ಮೊದಲು ಒಳ್ಳೆಯದನ್ನೆಲ್ಲ ಹೇಳಿದರು: ಮುಚ್ಚಳ ತೆಗೆಯುತ್ತಾಳೆ, ಬಣ್ಣ ಗುರುತಿಸುತ್ತಾಳೆ, ಹಸಿವು ಬಾಯಾರಿಕೆ ಎಲ್ಲ ತಿಳಿಸುತ್ತಾಳೆ. ಇಷ್ಟು ಸಿಹಿ ಬಡಿಸಿದಮೇಲೆ ಕಹಿ ಬರಲೇಬೇಕೆಂದು ಕಿಟಕಿಯ ಹಿಂದೆ ಕೂತು ಕಲಿತವಳಿಗೆ ಗೊತ್ತಿಲ್ಲವೇ? ಬಂತು. ಈಚೆಗೆ ಮಣಿಯ ತಟ್ಟೆ ಮುಂದಿಟ್ಟರೆ ಸಾಕು, ಕಡ್ಡಿ ಬಾತ್‌ರೂಮ್ ಕಾರ್ಡು ಕೊಡುತ್ತಾಳೆ. ಕರೆದುಕೊಂಡು ಹೋದರೆ ಏನೂ ಮಾಡುವುದಿಲ್ಲ, ನಲ್ಲಿಯಿಂದ ಹನಿ ಬೀಳುವುದನ್ನು ನೋಡುತ್ತ ನಿಂತಿರುತ್ತಾಳೆ. ವಾಪಸು ತಂದು ಕೂರಿಸಿ ಮಣಿ ಮುಂದಿಟ್ಟರೆ ಮತ್ತೆ ಅದೇ ಕಾರ್ಡು. ಚಿತ್ರದ ಅರ್ಥವೇ ಮರೆತುಹೋದ ಹಾಗಿದೆ ಎಂದು ಟೀಚರ್ ನಡುವೆ ಸೇರಿಸಿದಳು, ಮೊದಲು ಎಷ್ಟು ಚೆನ್ನಾಗಿ ಕೊಡುತ್ತಿತ್ತು ಮಗು. ಅದಕ್ಕೆ ಮಣಿಯ ಹೊತ್ತಿನಲ್ಲಿ ಆ ಕಾರ್ಡಿಗೆ ಬೆಲೆ ಕೊಡಬಾರದೆಂದು ತೀರ್ಮಾನವಾಗಿದೆ. ದೊಡ್ಡ ಕೋಣೆಯಲ್ಲಿ ಕೂತಲ್ಲಿ ಕೂರಬೇಕು, ಮುಂದಿಟ್ಟದ್ದನ್ನು ಮಾಡಬೇಕು. ಆದ್ದರಿಂದ ಇನ್ನೊಂದು ವರ್ಷ ಸಣ್ಣ ಕೋಣೆಯಲ್ಲೇ ಇರಲಿ, ಆಮೇಲೆ ನೋಡೋಣ ಎಂದರು ಮೇಡಂ.

ನೋಡೋಣ. ತಾನು ದಿನಾ ಹಂಚುವ ಮಾತು ತನ್ನ ತಟ್ಟೆಗೇ ಬಿದ್ದಾಗ ಅದರ ರುಚಿ ಗೊತ್ತಾಯಿತು. ಆದರೆ ಅವಳ ಮನಸ್ಸು ಅಲ್ಲಿ ನಿಲ್ಲಲಿಲ್ಲ, ಬಾತ್‌ರೂಮಿನ ನಲ್ಲಿಯ ಹತ್ತಿರ ನಿಂತ ಮಗಳ ಕಡೆ ಹೋಯಿತು. ಮಣಿ ಬೇಡ. ಬೇಡ ಎನ್ನಲು ಚಿತ್ರವಿಲ್ಲ. ಲೋಟ ಕೊಟ್ಟರೆ ಲೋಟ ಇಲ್ಲಿಗೇ ಬರುತ್ತದೆ, ಚೆಂಡು ಕೊಟ್ಟರೆ ಚೆಂಡೂ ಇಲ್ಲಿಗೇ ಬರುತ್ತದೆ. ಇರುವ ಕಾರ್ಡುಗಳಲ್ಲಿ ಎದ್ದು ಹೊರಗೆ ಹೋಗಲು ಬಿಡುವುದು ಒಂದೇ ಒಂದು. ಯಾರು ಹೇಳಿಕೊಟ್ಟರು ಇವಳಿಗೆ?

“ಅಂದ್ರೆ, ಸುಳ್ಳು ಹೇಳ್ತಾಳಾ?” ಎಂದು ಕೇಳಿದಳು.

ಟೀಚರಿಗೆ ಸಂಕೋಚವಾಯಿತು. ಸುಳ್ಳು ಅಂತಲ್ಲ ಅಮ್ಮ, ಹಾಗೆಲ್ಲ ಅಂದುಕೊಳ್ಳಬೇಡಿ, ಅದು ಮಗು ಎಂದು ಸಮಾಧಾನಕ್ಕೆ ತೊಡಗಿದಳು. ಅಷ್ಟರಲ್ಲಿ ತಾಯಿಗೆ ನಗು ಬಂದುಬಿಟ್ಟಿತ್ತು. ತಡೆದಷ್ಟೂ ಉಕ್ಕುವ, ಸಾವಿನ ಮನೆಯಲ್ಲಿ ಬರುವಂಥ ನಗು. ಸುಳ್ಳು! ಗಣಿತದ ಪರೀಕ್ಷೆಯ ದಿನ ಹೊಟ್ಟೆನೋವೆಂದು ಗೋಡೆಗೆ ಮುಖ ಮಾಡಿ ಮಲಗಿದ್ದವಳು ತಾನು. ಅಂಗಡಿಯಲ್ಲಿ ಸ್ಟಾಕು ಬಂದಿದೆ ಎಂದು ನಾದಿನಿಯ ಮನೆಯ ಊಟ ತಪ್ಪಿಸಿಕೊಳ್ಳುವವನು ಗಂಡ. ಕಿವಿ ಚೆನ್ನಾಗಿ ಕೇಳುತ್ತಿದ್ದರೂ ಬೇಡದ ಮಾತಿಗೆ ಕೇಳಿಸಲಿಲ್ಲ ಎನ್ನುವವರು ಅತ್ತೆ. ಇಂಜಿನಿಯರು ಒಳಗೆ ಕೂತು ಟೀ ಕುಡಿಯುತ್ತಿರುವಾಗ ಸ್ಥಳದಲ್ಲಿಲ್ಲ ಎಂದು ದಿನಾ ಹೇಳುವುದು ತನ್ನ ಬಾಯೇ. ಇಂಥ ವಂಶದಲ್ಲಿ ಹುಟ್ಟಿ ನಾಲ್ಕೂವರೆ ವರ್ಷ ಸುಳ್ಳೊಂದನ್ನೂ ಹೇಳದೆ ಕೂತಿದ್ದಳಲ್ಲ ಎಂಬುದೇ ತನ್ನ ಸಂಕಟವಾಗಿತ್ತು. ಇವಳ ಒಳಗೆ ಏನಿದೆಯೋ, ನಾವೆಲ್ಲ ಇದ್ದೇವೆಂಬುದಾದರೂ ಇವಳಿಗೆ ಗೊತ್ತಿದೆಯೋ ಎಂದು ಹಗಲೂ ಇರುಳೂ ಬೆಂದದ್ದು ಅದಕ್ಕೇ. ಸುಳ್ಳು ಹೇಳಬೇಕಾದರೆ ಎದುರಿಗೊಬ್ಬರು ಇರಬೇಕು. ನನಗೆ ಗೊತ್ತಿರುವುದು ಅವರಿಗೆ ಗೊತ್ತಿಲ್ಲ ಎಂದು ತಿಳಿದಿರಬೇಕು. ಕಡ್ಡಿಗೆ ಅದು ತಿಳಿದಿದೆ. ತಿಳಿದದ್ದಷ್ಟೇ ಅಲ್ಲ, ಟೀಚರನ್ನು ಏಮಾರಿಸಿ ನಲ್ಲಿ ನೋಡಿಕೊಂಡು ಬಂದಿದ್ದಾಳೆ. ತಾಯಿಗೆ ಎದ್ದು ಕುಣಿಯಬೇಕೆನಿಸಿತು.

ನಗು ನಿಂತಮೇಲೆ ಅವಳು ಇದನ್ನೆಲ್ಲ ಹೇಳಿದಳು. ಮನಸ್ಸಿನಲ್ಲಿದ್ದಷ್ಟು ಚೆನ್ನಾಗಿ ಬರಲಿಲ್ಲ. ಮೇಡಂ ತಾಳ್ಮೆಯಿಂದ ಕೇಳಿ, ನೀವು ತಾಯಿ, ನಿಮಗೆ ಹಾಗೆ ಕಾಣುವುದು ಸಹಜ, ಆದರೆ ಜಾಣತನ ಬೇರೆ, ಶಿಸ್ತು ಬೇರೆ ಎಂದರು. ಹಾಗಾದರೆ ಬೇಡ ಅನ್ನುವುದಕ್ಕೆ ಒಂದು ಕಾರ್ಡು ಮಾಡಿಕೊಡಿ ಎಂದಳು. ಅದು ಸಣ್ಣ ಕೋಣೆಯಲ್ಲಿ ಕೊಡುವ ಪದ್ಧತಿಯಿಲ್ಲ, ಕೊಟ್ಟರೆ ಮಕ್ಕಳು ಎಲ್ಲಕ್ಕೂ ಅದನ್ನೇ ಕೊಡುತ್ತಾರೆ, ಊಟಕ್ಕೂ ಬೇಡ, ಸ್ನಾನಕ್ಕೂ ಬೇಡ, ಆಮೇಲೆ ಕಲಿಸುವುದೇನನ್ನು ಎಂದು ಮೇಡಂ ಕೇಳಿದರು. ಕೇಳುವುದನ್ನು ಕಲಿಸಿದವರು ಒಲ್ಲೆ ಎನ್ನುವುದನ್ನು ಕಲಿಸಲಿಲ್ಲವಲ್ಲ ಎಂದು ಹೇಳಹೊರಟವಳಿಗೆ ತನ್ನದೇ ಕತ್ತರಿ ನೆನಪಾಯಿತು. ಅಡುಗೆಮನೆಯ ಮೇಜಿನೆದುರು ಕತ್ತರಿ ಹಿಡಿದು ಕ್ಯಾಲೆಂಡರಿನ ರಟ್ಟು ಕತ್ತರಿಸುತ್ತ ಕೂತವಳು ತಾನೂ ಅಂಥದ್ದೊಂದನ್ನು ಮಾಡಿರಲಿಲ್ಲ. ಮಾಡಬೇಕೆಂದು ಹೊಳೆದೂ ಇರಲಿಲ್ಲ. ಕೊಡಲು ತನಗೆ ಒಪ್ಪಿಗೆಯಿದ್ದ ವಸ್ತುಗಳಿಗೆ ಮಾತ್ರ ಚಿತ್ರ ಅಂಟಿಸಿದ್ದಳು. ಮಗಳ ಬಾಯಿಗೆ ತನಗೆ ಬೇಕಾದ ಮಾತುಗಳನ್ನಷ್ಟೇ ತುಂಬಿ, ಆಹಾ, ಮಾತಾಡಿದಳು ಎಂದು ಸಂಭ್ರಮಪಟ್ಟಿದ್ದಳು.

ಇನ್ನೂ ಅನುಮಾನವಿದ್ದರೆ ನೀವೇ ನೋಡಿ ಎಂದು ಮೇಡಂ ಟೀಚರಿಗೆ ಸನ್ನೆ ಮಾಡಿದರು. ಟೀಚರ್ ಹೋಗಿ ಕಡ್ಡಿಯನ್ನು ಕರೆತಂದಳು. ಮೂಲೆಯಲ್ಲಿದ್ದ ಪುಟ್ಟ ಮೇಜಿನೆದುರು ಕೂರಿಸಿ ಮಣಿಯ ತಟ್ಟೆ ಇಟ್ಟಳು, ದಾರದ ತುದಿಯನ್ನು ಬೆರಳುಗಳ ನಡುವೆ ಸಿಕ್ಕಿಸಿದಳು. ಕಡ್ಡಿ ತಾಯಿಯನ್ನು ನೋಡಲಿಲ್ಲ. ಕೆಂಪು ಮಣಿಯೊಂದನ್ನು ಉರುಳಿಸಿದಳು, ಅದು ತಟ್ಟೆಯ ಅಂಚಿಗೆ ತಾಗಿ ನಿಂತಿತು. ಕುರ್ಚಿಯ ಮೇಲೆ ಆ ಕಡೆ ಈ ಕಡೆ ಸರಿದಳು. ದಾರ ಬಿಟ್ಟು ಎದ್ದಳು, ಚರ್ರೆಂದು ಸೊಂಟದಿಂದ ಕಾರ್ಡು ಕಿತ್ತಳು, ಮೇಜಿನ ಸುತ್ತ ಬಂದು ದೊಡ್ಡ ಮೇಡಂ ಅಂಗೈಗೆ ಇಟ್ಟಳು. ಬಾತ್‌ರೂಮಿನ ಬಾಗಿಲು. ಮೇಡಂ ಆ ಚಿತ್ರವನ್ನೂ ತಾಯಿಯನ್ನೂ ನೋಡಿ, ಕಂಡಿರಾ ಎಂಬಂತೆ ಹುಬ್ಬೇರಿಸಿ, ಮೊದಲು ಮಣಿ ಪುಟ್ಟಾ ಎಂದು ಮೃದುವಾಗಿಯೇ ಹೇಳಿ ಕಾರ್ಡನ್ನು ಮತ್ತೆ ಪಟ್ಟಿಗೆ ಅಂಟಿಸಿದರು. ಕಡ್ಡಿ ಅದನ್ನು ಕಿತ್ತು ಟೀಚರಿಗೆ ಕೊಟ್ಟಳು. ಟೀಚರ್ ಮೇಡಂ ಮುಖ ನೋಡಿದಳು, ಅವಳೂ ಅಂಟಿಸಿದಳು. ಕಡ್ಡಿ ಒಂದು ಗಳಿಗೆ ಕೋಣೆಯ ನಡುವೆ ನಿಂತಳು. ಆಮೇಲೆ ಮತ್ತೆ ಕಿತ್ತು ತಾಯಿಯ ಹತ್ತಿರ ಬಂದು, ಅಂಗೈ ಬಿಡಿಸಿ, ಒತ್ತಿ ಇಟ್ಟಳು.

ಆಗ ತಾಯಿಯ ಎದೆಯುಬ್ಬಿದ್ದು ಮಾತ್ರ ನಿಜ. ಒಬ್ಬರು ಕೇಳದಿದ್ದರೆ ಇನ್ನೊಬ್ಬರು, ಅವರೂ ಕೇಳದಿದ್ದರೆ ಮತ್ತೊಬ್ಬರು! ತನ್ನ ಕಿಟಕಿಗೆ ಬರುವ ಜನರಲ್ಲೂ ಇಷ್ಟು ಛಲವಿರುವವರು ಕಡಿಮೆ. ಕಾರ್ಡನ್ನು ಮೇಲೆತ್ತಿ ಹಿಡಿದು ಮೇಡಂಗೆ ತೋರಿಸುತ್ತ, ನೋಡಿದಿರಾ ಎಂದು ಶುರುಮಾಡಿದಳು. ಈಗ ಮಾತು ಬಂತು, ಚೆನ್ನಾಗಿಯೇ ಬಂತು. ಅರ್ಥ ಮರೆತವಳು ಹೀಗೆ ಮೂರು ಜನರ ಹತ್ತಿರ ಹೋಗುತ್ತಾಳೆಯೇ, ಇದು ಹಿಂದೆ ಹೋಗಿರುವುದಾದರೆ ಮುಂದೆ ಹೋಗುವುದು ಇನ್ನು ಹೇಗೆ, ಇಷ್ಟು ಚೆಂದದ ಸುಳ್ಳನ್ನು ದೊಡ್ಡ ಕೋಣೆಯ ಯಾವ ಮಗು ಹೇಳುತ್ತದೆ ಹೇಳಿ ನೋಡೋಣ. ಮಗಳು ಅವಳ ಸೆರಗನ್ನು ಜಗ್ಗಿದಳು. ಇರು ಚಿನ್ನ, ಒಂದು ನಿಮಿಷ ಎಂದು ಆ ಕೈಯನ್ನು ಬಿಡಿಸಿ ಹಿಡಿದುಕೊಂಡು ಅವಳು ಮುಂದುವರಿದಳು. ಟೀಚರ್ ನೆಲ ನೋಡುತ್ತಿರುವುದು ಕಂಡಿತು. ನಾಚಿಕೆಯಿಂದ ತಲೆ ತಗ್ಗಿಸಿದ್ದಾಳೆ, ಸರಿಯಾಗಿ ಆಗಬೇಕು ಅವಳಿಗೆ ಅಂದುಕೊಂಡಳು. ಆಮೇಲೆ ಸದ್ದು ಕೇಳಿಸಿತು. ತನ್ನ ಕಾಲಿಗೆ ಬೆಚ್ಚಗೆ ಏನೋ ಸಿಡಿಯಿತು.

ಕಡ್ಡಿ ಕಾಲು ಅಗಲಿಸಿ ನಿಂತಿದ್ದಳು. ಬಿಳಿ ಕಾಲುಚೀಲಗಳು ಬಣ್ಣಗೆಟ್ಟು, ನೆಲದ ಮೇಲೆ ನಿಧಾನವಾಗಿ ಮಡು ಹರಡುತ್ತಿತ್ತು. ಅಳಲಿಲ್ಲ. ತನ್ನ ಕಾಲನ್ನೇ ನೋಡುತ್ತಿದ್ದಳು.

ತಾಯಿಯ ಕೈಯಲ್ಲಿ ಎತ್ತಿ ಹಿಡಿದ ಕಾರ್ಡು ಹಾಗೇ ಇತ್ತು. ಅದನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಇವರು ಕಾರ್ಡನ್ನು ಸುಳ್ಳೆಂದು ಅಂಟಿಸಿಬಿಟ್ಟರು. ನೀನು ಸುಳ್ಳೆಂದು ಮುದ್ದಾಡಿದೆ. ವ್ಯತ್ಯಾಸವೇನು? ಅವರು ಎರಡು ಕ್ಷಣದಲ್ಲಿ ವಾಪಸು ಕೊಟ್ಟರು. ನೀನು ಅದನ್ನು ಬಾವುಟದ ಹಾಗೆ ಹಿಡಿದು ಭಾಷಣ ಮಾಡಿದೆ. ಮಗಳ ಪರವಾಗಿ ಮಾತಾಡುತ್ತಿದ್ದೇನೆಂದು, ಸೆರಗು ಜಗ್ಗುತ್ತಿದ್ದ ಮಗಳಿಗೆ ಇರು ಎಂದೆ. ಇರು ಅನ್ನಬಾರದೆಂದು ಎಷ್ಟು ಸಲ ಅತ್ತೆಗೆ ಪಾಠ ಹೇಳಿಲ್ಲ ನೀನು? ಅವಮಾನ ಎಂದರೆ ಬಸ್ಸಿನಲ್ಲಿ ಮುದುಕಿ ಅಯ್ಯೋ ಪಾಪ ಎಂದದ್ದಲ್ಲ. ಪಡಸಾಲೆಯ ಪುಟ್ಟ ಕುರ್ಚಿಯೂ ಅಲ್ಲ. ಈ ಬೆಚ್ಚನೆಯ ನೀರಿನಲ್ಲಿ ನಿಂತಿರುವುದು. ಅವಳು ಅದರಲ್ಲೇ ಮಂಡಿಯೂರಿದಳು. ಚೀಲದಲ್ಲಿ ಇನ್ನೊಂದು ಜೊತೆ ಬಟ್ಟೆ ಇತ್ತು. ಟೀಚರ್ ಒರೆಸುವ ಬಟ್ಟೆ ತರಲು ಓಡಿದಳು. ಒದ್ದೆ ಚಡ್ಡಿ ಬಿಚ್ಚಿ, ತೊಡೆಗಳನ್ನು ತನ್ನ ಸೆರಗಿನಿಂದಲೇ ಒರೆಸಿ, ತಪ್ಪಾಯ್ತು ಕಡ್ಡಿ, ನನ್ನದು ತಪ್ಪಾಯ್ತು ಎಂದು ಮತ್ತೆ ಮತ್ತೆ ಹೇಳುತ್ತ ಒಣ ಚಡ್ಡಿಗೆ ಕಾಲು ತೂರಿಸಿದಳು. ಕಡ್ಡಿ ತಾಯಿಯ ಹೆಗಲ ಮೇಲೆ ಕೈಯೂರಿ ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಹಾಕಿದಳು. ಚಡ್ಡಿ ಸೊಂಟಕ್ಕೆ ಬಂದಮೇಲೆ, ಹೆಗಲಿನ ಮೇಲಿದ್ದ ಕೈಯನ್ನು ತೆಗೆದು ತಾಯಿಯ ಕೆನ್ನೆಗೆ ಬಾರಿಸಿದಳು.

ಸಣ್ಣ ಕೈ, ಆದರೆ ಪೆಟ್ಟು ಸಣ್ಣದಾಗಿರಲಿಲ್ಲ. ಕಿವಿಯಲ್ಲಿ ಗುಂಯ್ ಎಂದಿತು. ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತ ಟೀಚರ್ ರೂಢಿಯ ಮೇಲೆ, ಹೊಡೀಬಾರದು ಪುಟ್ಟಾ, ಅಮ್ಮ ಅಲ್ವಾ ಎಂದು ಮುಂದೆ ಬಂದಳು.

“ಬಿಡಿ ಟೀಚರ್,” ಎಂದಳು ಅವಳು. “ಅವಳು ನನ್ನ ಜೊತೆ ಮಾತಾಡ್ತಿದ್ದಾಳೆ.”

ಮಗಳು ಇದಕ್ಕೆ ಮೊದಲು ಹೊಡೆದಿರಲಿಲ್ಲವೆಂದಲ್ಲ. ರಂಪ ಮಾಡುವಾಗ ಗೋಡೆಗೆ, ನೆಲಕ್ಕೆ, ತನ್ನ ತಲೆಗೇ ಹೊಡೆದುಕೊಳ್ಳುತ್ತಿದ್ದಳು. ನಡುವೆ ಸಿಕ್ಕವರಿಗೂ ಏಟು ಬೀಳುತ್ತಿತ್ತು. ಇದು ಅಂಥದ್ದಲ್ಲ. ಬಟ್ಟೆ ಹಾಕಿಸಿಕೊಳ್ಳುವ ತನಕ ಕಾದು, ಯಾರಿಗೆ ಸಲ್ಲಬೇಕೋ ಅವರಿಗೆ, ಒಂದೇ ಒಂದು. ಕೊಟ್ಟಾದಮೇಲೆ ಕೈ ಕೆಳಗಿಳಿಸಿ ಸುಮ್ಮನೆ ನಿಂತಿದ್ದಳು. ತಾಯಿಗೆ ಕಣ್ಣು ತುಂಬಿ ಬಂತು, ಏಟಿಗಲ್ಲ. ಮೊದಲು ನಕ್ಕ ನಗುವಿನಲ್ಲಿ ಜಂಬವಿತ್ತು, ಈಗ ಆ ಜಂಬ ಎಲ್ಲೂ ಉಳಿದಿರಲಿಲ್ಲ. ಉಳಿದದ್ದು ಮಗಳ ಬೆರಳಿನ ಉರಿ. ಅದನ್ನು ಒರೆಸಿಕೊಳ್ಳದೆ ಅವಳು ಎದ್ದಳು. ಮಂಡಿಯ ಹತ್ತಿರ ಸೀರೆ ಒದ್ದೆಯಾಗಿ ಅಂಟಿಕೊಂಡಿತ್ತು. ವಾಸನೆ ಬರುತ್ತಿತ್ತು. ಬರಲಿ ಎಂದುಕೊಂಡಳು.

“ಮೇಡಂ, ನನ್ನ ಮಗಳು ಮೂರು ಜನರಿಗೆ ಹೇಳಿದಳು. ನೀವು ಹೇಳಿಕೊಟ್ಟ ಹಾಗೇ ಹೇಳಿದಳು. ನೀವು ಕೇಳಲಿಲ್ಲ, ಟೀಚರ್ ಕೇಳಲಿಲ್ಲ, ಹೆತ್ತವಳು ನಾನೂ ಕೇಳಲಿಲ್ಲ. ಈಗ ಹೇಳಿ, ಇನ್ನೊಂದು ವರ್ಷ ಸಣ್ಣ ಕೋಣೇಲಿ ಕೂರಬೇಕಾದವರು ಯಾರು?”

ದನಿ ಏರಿರಲಿಲ್ಲ. ಕಿಟಕಿಯ ಹಿಂದೆ ಕೂತು ಕೂತು ದನಿಯೇರಿಸಿದವರ ಮಾತಿಗೆ ಬೆಲೆ ಬರುವುದಿಲ್ಲವೆಂದು ಅವಳು ಕಂಡುಕೊಂಡಿದ್ದಳು. ಮೆತ್ತಗೆ ಹೇಳಿ ಅಲ್ಲಿಂದ ಕದಲದೆ ನಿಂತವರಿಗೇ ಇಂಜಿನಿಯರು ಎದ್ದು ಬರುತ್ತಾರೆ. ದೊಡ್ಡ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕವಿಲ್ಲದೆ ಅವರ ಮುಖಕ್ಕೆ ಇದ್ದಕ್ಕಿದ್ದಂತೆ ವಯಸ್ಸಾಗಿತ್ತು. ನೆಲದ ಮೇಲಿನ ಮಡುವನ್ನೂ ತಮ್ಮ ಖಾಲಿ ಅಂಗೈಯನ್ನೂ ನೋಡಿಕೊಂಡರು. ಅಂಗೈಗೆ ಬಿದ್ದಮೇಲೆ ಎದುರು ಮಾತಿಲ್ಲ ಎಂದು ಎಷ್ಟು ವರ್ಷದಿಂದ ಎಷ್ಟು ತಂದೆತಾಯಿಯರಿಗೆ ಹೇಳಿದ ಮಾತು ಅವರದೇ ಕೋಣೆಯಲ್ಲಿ ಮುರಿದುಬಿದ್ದಿತ್ತು. ಅದನ್ನು ಬಾಯಿಬಿಟ್ಟು ಒಪ್ಪಿಕೊಳ್ಳುವುದು ಅವರಿಗೆ ಆಗಲಿಲ್ಲ. ಸೋಮವಾರದಿಂದ ದೊಡ್ಡ ಕೋಣೆಗೆ ಕಳಿಸಿ ನೋಡೋಣ ಎಂದರು.

“ನೋಡೋಣ ಬೇಡ ಮೇಡಂ. ಅದು ನಾನು ದಿನಾ ಜನಕ್ಕೆ ಹೇಳೋ ಮಾತು.”

ಟೀಚರ್ ನೆಲ ಒರೆಸುವುದನ್ನು ನಿಲ್ಲಿಸಿದಳು. ಮೇಡಂ ಮುಖದಲ್ಲಿ ಸಿಟ್ಟು ಬಂದು ಹೋದದ್ದು ಕಾಣಿಸಿತು. ಗಂಡನಾಗಿದ್ದರೆ ಹೋಗಲಿ ಬಿಡು ಎಂದು ಈ ಹೊತ್ತಿಗೆ ಎದ್ದು ಕೈಮುಗಿದಿರುತ್ತಿದ್ದ. ಅವಳು ಕೈಮುಗಿಯಲಿಲ್ಲ. ತಪ್ಪು ಮಾಡಿದವಳಾಗಿಯೇ, ಒದ್ದೆ ಸೀರೆಯಲ್ಲೇ, ಕೆನ್ನೆಯ ಮೇಲೆ ಮಗಳ ಕೈ ಮೂಡಿದ್ದಂತೆಯೇ ನಿಂತಳು. ತಪ್ಪು ಮಾಡಿದವರು ತಲೆ ತಗ್ಗಿಸಬೇಕೆಂದು ಯಾವ ಶಾಸ್ತ್ರದಲ್ಲಿದೆಯೋ ಇರಲಿ, ತಗ್ಗಿಸಿದರೆ ಕಡ್ಡಿಗೆ ಏನು ಸಿಕ್ಕೀತು?

“ಸರಿ,” ಎಂದರು ಮೇಡಂ. “ಸೋಮವಾರದಿಂದ ದೊಡ್ಡ ಕೋಣೆ. ಬೇಡ ಅನ್ನೋ ಕಾರ್ಡನ್ನೂ ಮಾಡಿಸ್ತೀನಿ.” ಕನ್ನಡಕ ಹಾಕಿಕೊಂಡಮೇಲೆ ದನಿ ಮತ್ತೆ ಮೇಡಂ ದನಿಯಾಯಿತು. “ಆದರೆ ಅಲ್ಲಿ ಅಷ್ಟು ಮಕ್ಕಳ ಗಲಾಟೆ. ಅವರ ನಡುವೆ ಕೂತ್ಕೋತಾಳಾ ಇವಳು?”

ಹೂಂ ಎನ್ನಲು ಅವಳ ಬಾಯಿ ತೆರೆದೇ ಇತ್ತು. ಕೂತ್ಕೋತಾಳೆ ಮೇಡಂ, ನಾನು ಹೇಳಿ ಕಳಿಸ್ತೀನಿ ಎಂಬ ಮಾತು ನಾಲಗೆಯ ತುದಿಗೆ ಬಂದು ನಿಂತಿತ್ತು. ಕಡ್ಡಿ ಹುಟ್ಟಿದಾಗಿನಿಂದ ಇಂಥ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿದ್ದು ಅವಳೇ: ಡಾಕ್ಟರಿಗೆ, ನೆಂಟರಿಗೆ, ಬಸ್ಸಿನ ಮುದುಕಿಗೆ. ಅದನ್ನು ನುಂಗಿಕೊಂಡಳು.

“ನನ್ನನ್ನ ಯಾಕೆ ಕೇಳ್ತೀರಿ ಮೇಡಂ? ಅವಳು ಇಲ್ಲೇ ನಿಂತಿದ್ದಾಳಲ್ಲ.”

ದೊಡ್ಡ ಮೇಡಂ ಮೇಜಿಗೆ ಕೈಯೂರಿ ಎದ್ದು, ಸುತ್ತಿ ಬಂದು, ನೋಯುವ ಮಂಡಿಯನ್ನು ಹಿಡಿದುಕೊಂಡು ಒದ್ದೆ ನೆಲದ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತರು. ಕೋಣೆಯ ಬಾಗಿಲನ್ನು ಪೂರ್ತಿ ತೆಗೆಯಲು ಟೀಚರಿಗೆ ಹೇಳಿದರು. ಪಡಸಾಲೆಯಾಚೆ ಗಾಜು, ಗಾಜಿನಾಚೆ ಉದ್ದ ಮೇಜು, ಮಕ್ಕಳ ತಲೆಗಳು ಕಂಡವು. ಅಲ್ಲಿಗೆ ಕೈ ತೋರಿಸಿ, ಹೋಗ್ತೀಯಾ ಎಂದು ಕೇಳಿದರು. ಕಡ್ಡಿ ಅವರ ಮುಖ ನೋಡಲಿಲ್ಲ, ತಾಯಿಯ ಕಡೆಯೂ ತಿರುಗಲಿಲ್ಲ. ಬಾಗಿಲನ್ನೇ ನೋಡುತ್ತ ಯೋಚಿಸತೊಡಗಿದಳು. ಅವಳ ಉತ್ತರಕ್ಕೆ ಮೂವರೂ ಕಾದರು.